ಹಳೇ ಜೀಪಿಗೆ ಯಾವ ಆಯಿಲ್? ಮೊದಲು ಪ್ರೆಶರ್ ಅಳೆಸಿ

ಮಳೆಗಾಲ ಹತ್ತಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಹಳೇ ಜೀಪಿಗೆ ಯಾವ ಎಂಜಿನ್ ಆಯಿಲ್ ಹಾಕಬೇಕು? ಹೋದ ವರ್ಷವೂ ಉತ್ತರ ಬರೆದಿದ್ದೆ. ಆದರೂ ಮೊನ್ನೆ ಮೈಸೂರಿನ ನಮ್ಮ ವರ್ಕ್‌ಶಾಪಿಗೆ ಬಂದ ಎರಡು ಗಾಡಿಗಳ ಡ್ರೈನ್ ಬೋಲ್ಟ್ ಬಿಚ್ಚಿದರೆ ಆಯಿಲ್ ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಇಳಿಯಿತು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಆಯಿಲ್ ಜೊತೆ ಫಿಲ್ಟರ್ ಬದಲಿಸಬೇಕೇ ಎಂಬಂಥ ಪ್ರಶ್ನೆಗಳಿಗೆ ಇಲ್ಲಿ ಜಾಗವಿಲ್ಲ. ಜೀಪ್ ಇಟ್ಟುಕೊಂಡವರಿಗೆ ಅಷ್ಟು ಗೊತ್ತಿರಬೇಕು.

ಪ್ರಶ್ನೆ: ನನ್ನದು 1992ರ ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಎಂಜಿನ್. ಕಬ್ಬಿನ ಗದ್ದೆ, ಮೇಲುಕೋಟೆ ಬೆಟ್ಟ, ಆಗಾಗ ಎಚ್.ಡಿ. ಕೋಟೆ ಕಡೆ ಓಡಾಟ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಮುಳ್ಳು ತೀರಾ ಕೆಳಗಿಳಿಯುತ್ತದೆ, ಸ್ವಲ್ಪ ನೀಲಿ ಹೊಗೆಯೂ ಇದೆ. ಇಷ್ಟು ದಿನ 15ಡಬ್ಲ್ಯೂ-40 ಹಾಕುತ್ತಿದ್ದೆ. 20ಡಬ್ಲ್ಯೂ-50 ಹಾಕಿ, ಜೊತೆಗೊಂದು ಬಾಟಲಿ ಎಂಜಿನ್ ಟಾನಿಕ್ ಸುರಿದರೆ ಬೋರ್ ಕೆಲಸ (ಸವೆದ ಸಿಲಿಂಡರ್ ಕೊರೆಸಿ ಸರಿಮಾಡುವುದು) ಎರಡು ವರ್ಷ ಮುಂದೆ ಹಾಕಬಹುದು ಎನ್ನುತ್ತಾರೆ ಗ್ಯಾರೇಜಿನವರು. ಹಾಕಲೇ? (ಪಾಂಡವಪುರದ ಓದುಗರು)

ಉತ್ತರ: ಬೇಡ. ಟಾನಿಕ್ಕಂತೂ ಬೇಡವೇ ಬೇಡ. ಆ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಆಯಿಲನ್ನು ಮಂದ ಮಾಡುವ ಅಂಟು. ಸವೆದ ಕಬ್ಬಿಣವನ್ನು ತುಂಬಿಕೊಡುವ ದ್ರವ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಗುತ್ತದೆ ಎಂದು ಹೇಳಿ ದುಡ್ಡು ಕೀಳುವವರ ಮೇಲೆ ನನಗೆ ಸಿಟ್ಟಿದೆ. ಎಷ್ಟೋ ರೈತರ ಎಂಜಿನ್ ಅದರಿಂದಲೇ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಮಂದ ಆಯಿಲ್ ಹಾಕಿದರೆ ಮುಳ್ಳು ಮೇಲೇರುವುದು ನಿಜ. ಯಾಕೆ ಏರುತ್ತದೆ ಅನ್ನುವುದನ್ನು ನೋಡಿ. ಸವೆದ ಬೇರಿಂಗಿನ ಸಂದಿಯಿಂದ ತೆಳು ಆಯಿಲ್ ಬೇಗ ಸೋರಿ ಹೋಗುತ್ತದೆ, ಮಂದದ್ದು ತಡೆದು ನಿಲ್ಲುತ್ತದೆ. ಬೆಳಗ್ಗೆ ತಣ್ಣಗಿದ್ದಾಗಲಂತೂ ಪ್ರೆಶರ್ ವಿಪರೀತವಾಗಿ ಏರಿ, ಹೆಚ್ಚಿನ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ, ಪಂಪ್ ಎಳೆದ ಆಯಿಲಿನ ಒಂದು ಪಾಲು ಬೇರಿಂಗಿಗೆ ಹೋಗದೆ ಸಂಪಿಗೇ (ಎಂಜಿನ್ ತಳದ ಆಯಿಲ್ ತೊಟ್ಟಿಗೇ) ವಾಪಸ್. ಮುಳ್ಳು ತೋರಿಸುವುದು ಒತ್ತಡ. ಬೇರಿಂಗಿಗೆ ಬೇಕಾದದ್ದು ಹರಿವು. ಒಮ್ಮೆ ಕಮಾಂಡರ್ ಜೀಪೊಂದು ಬಂದಿತ್ತು. ಟಾನಿಕ್ ಹಾಕಿ ವರ್ಷವಾಗಿತ್ತು, ಗೇಜ್ ಚೆನ್ನಾಗಿಯೇ ನಿಂತಿತ್ತು. ಸದ್ದು ಸರಿಯಿಲ್ಲವೆಂದು ಸಂಪ್ ಇಳಿಸಿ ಬೇರಿಂಗ್ ಶೆಲ್ (ಬೇರಿಂಗಿನ ಬಾಗಿದ ತಗಡು) ತೆಗೆದರೆ, ಬೂದು ಪದರ ಪೂರ್ತಿ ಸವೆದು ಒಳಗಿನ ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಆ ಬೇರಿಂಗಿನಲ್ಲಿ ತಿರುಗುವ ಕ್ರ್ಯಾಂಕ್ ದಂಡದ ಮೇಲೆ ಉಗುರು ಸಿಕ್ಕುವಷ್ಟು ಗೀರು. ಮೊದಲೇ ಬಂದಿದ್ದರೆ ಒಂದು ಸೆಟ್ ಶೆಲ್ಲಿನಲ್ಲಿ ಮುಗಿಯುತ್ತಿತ್ತು. ಕೊನೆಗೆ ಕ್ರ್ಯಾಂಕ್ ಗ್ರೈಂಡಿಂಗ್‌ಗೆ ಕಳಿಸಬೇಕಾಯಿತು.

ಆದ್ದರಿಂದ ಮೊದಲು ಅಳೆಯಿರಿ. ಮೂವತ್ತು ವರ್ಷದ ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಆಯಿಲ್ ಪ್ರೆಶರ್ ಸೆನ್ಸರ್ ಬಿಚ್ಚಿ ಆ ತೂತಿಗೆ ಬೇರೆ ಗೇಜ್ ಕೂರಿಸಿ ನೋಡಿಸಿ. ಎಂಜಿನ್ ಪೂರ್ತಿ ಕಾದ ಮೇಲೆ ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇದ್ದರೆ ಹೆದರಬೇಕಿಲ್ಲ. ಇದು ಹಳೇ ಎಂಜಿನ್‌ಗಳಿಗೆ ಮೆಕ್ಯಾನಿಕ್‌ಗಳು ಇಟ್ಟುಕೊಂಡ ಅಂದಾಜು ಲೆಕ್ಕ, ಕಂಪನಿಯ ಪುಸ್ತಕ ನಿಮ್ಮಲ್ಲಿದ್ದರೆ ಅದರ ಅಂಕಿಯೇ ಅಂತಿಮ.

ಹೊಗೆಯ ವಿಷಯ ಬೇರೆ. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಇಡ್ಲಿ ಪಾತ್ರೆಯ ಆವಿಯ ಹಾಗೆ ಬುಸುಬುಸು ಎಂದು ಹೊಗೆ ಉಗುಳಿದರೆ ರಿಂಗ್, ಬೋರ್ ಸವೆದಿವೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಗುಕ್ಕು ನೀಲಿ ಹೊಗೆ ಬಂದು ನಿಂತರೆ ಹೆಚ್ಚಿನ ಸಲ ವಾಲ್ವ್ ಸೀಲ್ ಅಥವಾ ಗೈಡ್. ಅದಕ್ಕೆ ಬೋರ್ ಮಾಡಿಸುವುದು ದಂಡ. ಆಮೇಲೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ನೋಡುವ ಕಡ್ಡಿಯ) ಮೇಲಿನ ಗೆರೆಯವರೆಗೆ ಆಯಿಲ್ ತುಂಬಿ, 1,000 ಕಿಲೋಮೀಟರ್ ಓಡಿಸಿ, ಮತ್ತೆ ಅದೇ ಗೆರೆಗೆ ತರಲು ಎಷ್ಟು ಬೇಕಾಯಿತೆಂದು ಬರೆದಿಡಿ. ಅರ್ಧ ಲೀಟರ್ ಒಳಗಿದ್ದರೆ ನಾನಾದರೆ ಆ ಎಂಜಿನ್ ಬಿಚ್ಚುವುದಿಲ್ಲ. ಒಂದು ಲೀಟರ್ ದಾಟಿದರೆ ಯಾವ ಗ್ರೇಡ್ ಎಂಬ ಚರ್ಚೆಯನ್ನೇ ಬಿಟ್ಟು ದುಡ್ಡು ಹೊಂದಿಸಿಕೊಳ್ಳಿ.

ಅಳತೆಯೆಲ್ಲ ಸರಿಯಿದ್ದರೆ 15ಡಬ್ಲ್ಯೂ-40 ಅನ್ನೇ ಮುಂದುವರಿಸಿ. ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು. 15ಡಬ್ಲ್ಯೂ ಆಯಿಲನ್ನು ಮೈನಸ್ 20 ಡಿಗ್ರಿಯಲ್ಲಿ, 20ಡಬ್ಲ್ಯೂವನ್ನು ಮೈನಸ್ 15ರಲ್ಲಿ ಪರೀಕ್ಷೆ ಮಾಡುತ್ತಾರೆ. ಮಂಡ್ಯದ ಮಾಗಿ ಚಳಿಗೆ ಎರಡೂ ಧಾರಾಳ. ಎರಡನೆಯ ಅಂಕಿ 100 ಡಿಗ್ರಿಯಲ್ಲಿನ ಮಂದತೆ: 40 ಅಂದರೆ 12.5ರಿಂದ 16.3 ಸೆಂಟಿಸ್ಟೋಕ್ಸ್, 50 ಅಂದರೆ 16.3ರಿಂದ 21.9. ಬೇಸಿಗೆಯಲ್ಲಿ ಟ್ರೇಲರ್ ಕಟ್ಟಿ ದಿನವಿಡೀ ಎಳೆಯುವವರು, ಪ್ರೆಶರ್ ಅಳೆಸಿದ ಮೇಲೆ, 20ಡಬ್ಲ್ಯೂ-50 ಹಾಕಿಕೊಂಡರೆ ನನ್ನ ತಕರಾರಿಲ್ಲ. ರೋಗ ಮುಚ್ಚಿಡಲು ಹಾಕಬೇಡಿ ಅನ್ನುವುದಷ್ಟೇ ನನ್ನ ಮಾತು.

ಈ ಅಂಕಿಗಿಂತ ಡಬ್ಬದ ಹಿಂದಿರುವ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆಯ ಅಕ್ಷರ ಮುಖ್ಯ, ಅದನ್ನು ಯಾರೂ ಓದುವುದೇ ಇಲ್ಲ. ಡೀಸೆಲ್‌ಗೆ 'ಸಿ' ಸಾಲು, ಪೆಟ್ರೋಲ್‌ಗೆ 'ಎಸ್' ಸಾಲು. ನಿಮ್ಮದು ಪ್ರೀ-ಚೇಂಬರ್ (ಡೀಸೆಲ್ ಮೊದಲು ಹೊತ್ತಿಕೊಳ್ಳುವ ಪುಟ್ಟ ಕೋಣೆ) ಇರುವ ಹಳೇ ಡೀಸೆಲ್, ಮಸಿ ಜಾಸ್ತಿ. ಆ ಮಸಿ ಗಂಟು ಕಟ್ಟದಂತೆ ಆಯಿಲಿನಲ್ಲೇ ತೇಲಿಸಿಟ್ಟುಕೊಳ್ಳುವ ಶಕ್ತಿ ಸಿಐ-4 ದರ್ಜೆಗೆ ಚೆನ್ನಾಗಿದೆ, ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಸವೆಯದಂತೆ ಕಾಯುವ ಸತು ಮತ್ತು ರಂಜಕವೂ ಸಾಕಷ್ಟಿದೆ. ಅದಕ್ಕಿಂತ ದುಬಾರಿಯದು ನಿಮಗೆ ಬೇಕಿಲ್ಲ.

ಇನ್ನೊಂದು ವಿಷಯ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಗದ್ದೆ, ಬೆಟ್ಟದಲ್ಲಿ ಓಡುವ ಗಾಡಿಗೆ ಕಿಲೋಮೀಟರ್ ಲೆಕ್ಕ ಹಿಡಿಯಬೇಡಿ. ಊರಿನಲ್ಲಿ ಟ್ರ್ಯಾಕ್ಟರ್ ಇರುವವರು ಆಯಿಲನ್ನು ಗಂಟೆ ಲೆಕ್ಕದಲ್ಲೇ ಬದಲಿಸುತ್ತೀರಿ, 250 ಗಂಟೆ ಎಂದು. ಜೀಪಿಗೂ ಅದೇ ನ್ಯಾಯ. ರಸ್ತೆಯಲ್ಲಿ ಗಂಟೆಗೆ 40ರಂತೆ ಹೋದರೆ 250 ಗಂಟೆಗೆ 10,000 ಕಿಲೋಮೀಟರ್. ಲೋ ಗೇರಿನಲ್ಲಿ ಗಂಟೆಗೆ 10ರಂತೆ ಹೋದರೆ ಬರೀ 2,500. ಎಂಜಿನ್ ತಿರುಗಿದ್ದು ಅಷ್ಟೇ ಹೊತ್ತು. ನಿಮ್ಮ ಓಡಾಟಕ್ಕೆ 3,000 ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಅತಿ ಜಾಗ್ರತೆ ಎನ್ನುವವರು ಅನ್ನಲಿ.

ಪ್ರಶ್ನೆ: ಹೊಸ ಆಯಿಲ್ ಹಾಕಿ ನೂರು ಕಿಲೋಮೀಟರಿಗೇ ಕಪ್ಪಾಯಿತು. ನಕಲಿಯೇ? (ಮದ್ದೂರು)

ಉತ್ತರ: ಡೀಸೆಲ್ ಎಂಜಿನ್‌ನಲ್ಲಿ ಕಪ್ಪಾಗಲೇಬೇಕು, ಮಸಿ ಹಿಡಿಯುತ್ತಿದೆ ಎಂದರ್ಥ. ಬೆರಳಲ್ಲಿ ಉಜ್ಜಿ ನೋಡಿ ತೀರ್ಪು ಕೊಡುವವರ ಮಾತು ಕೇಳಬೇಡಿ. ಖಾಲಿ ಡಬ್ಬ ಎಸೆಯುವ ಮುಂಚೆ ತೂತು ಮಾಡಿ, ನಕಲಿಯವರು ತುಂಬುವುದು ಅದರಲ್ಲೇ.

ಪ್ರಶ್ನೆ: ಆಯಿಲ್ ಇಳಿಸಿದ ಮೇಲೆ ಡೀಸೆಲ್ ಹಾಕಿ ಎಂಜಿನ್ ಓಡಿಸಿ ಫ್ಲಶ್ ಮಾಡಬಹುದೇ? (ನಂಜನಗೂಡು)

ಉತ್ತರ: ಮಾಡಬೇಡಿ. ಡೀಸೆಲ್ ಬೇರಿಂಗನ್ನು ಕಾಯುವುದಿಲ್ಲ.

ಪ್ರಶ್ನೆ: ಹಳೇ ಮಾರುತಿ ಜಿಪ್ಸಿಗೆ ಹೊಸ ಕಾರುಗಳ 0ಡಬ್ಲ್ಯೂ-20 ಸಿಂಥೆಟಿಕ್ ಹಾಕಿದರೆ ಮೈಲೇಜ್ ಬರುತ್ತದಂತೆ? (ಮೈಸೂರು)

ಉತ್ತರ: ಆ ತೆಳು ಆಯಿಲ್ ಅದಕ್ಕೆಂದೇ ಕಟ್ಟಿದ ಎಂಜಿನ್‌ಗಳಿಗೆ. ನಿಮ್ಮದಕ್ಕೆ 10ಡಬ್ಲ್ಯೂ-40 ಅಥವಾ 15ಡಬ್ಲ್ಯೂ-40, ಎಪಿಐ ಎಸ್‌ಎನ್ ಸಾಕು.

ಪ್ರಶ್ನೆ: ಹಳ್ಳ ದಾಟಿ ಬಂದ ಮೇಲೆ ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಕಾಫಿಯಂಥ ಬಣ್ಣ. ಆಯಿಲ್ ಮಟ್ಟವೂ ಏರಿದೆ. ಮನೆವರೆಗೆ ಓಡಿಸಬಹುದೇ? (ಸರಗೂರು)

ಉತ್ತರ: ಒಂದು ಮಾರೂ ಓಡಿಸಬೇಡಿ, ಸ್ಟಾರ್ಟೂ ಮಾಡಬೇಡಿ. ಎಳೆದು ತನ್ನಿ. ಆಯಿಲ್, ಫಿಲ್ಟರ್ ಎರಡನ್ನೂ ತೆಗೆದು ಅಗ್ಗದ ಹೊಸ ಆಯಿಲ್ ತುಂಬಿ, ಐಡ್ಲಿಂಗ್‌ನಲ್ಲಿ ಬಿಸಿಯಾಗುವಷ್ಟು ಹೊತ್ತು ಬಿಟ್ಟು ಮತ್ತೆ ಇಳಿಸಿ. ಬಣ್ಣ ತಿಳಿಯಾಗುವವರೆಗೆ ಇದನ್ನೇ ಮಾಡಿ, ಆಮೇಲೆ ಒಳ್ಳೆಯ ಆಯಿಲ್, ಹೊಸ ಫಿಲ್ಟರ್. ಅಷ್ಟಾದ ಮೇಲೂ ಮತ್ತೆ ಬೆಳ್ಳಗಾದರೆ ನೀರು ಹಳ್ಳದ್ದಲ್ಲ, ರೇಡಿಯೇಟರಿನದು; ಹೆಡ್ ಗ್ಯಾಸ್ಕೆಟ್ ನೋಡಿಸಿ. ಗೇರ್ ಬಾಕ್ಸ್, ಹಿಂದು ಮುಂದಿನ ಆಕ್ಸಲ್‌ಗಳ ಆಯಿಲನ್ನೂ ಅದೇ ದಿನ ಬಿಚ್ಚಿ ನೋಡಿ, ಅಲ್ಲಿಗೂ ನೀರು ನುಗ್ಗಿರುತ್ತದೆ.