‘ನೇರವಾಗಿ’ ಅಂದರೆ ಯಾವ ದಾರಿ?

ನಮಸ್ಕಾರ. ಅಮಲು ಪದಾರ್ಥಗಳು ಮಿದುಳು ಸೇರುವ ಬಗೆ ಕುರಿತ ನಿಮ್ಮ ಲೇಖನ ಓದಿದೆ. ಶ್ರಮಪಟ್ಟಿದ್ದೀರಿ, ಕಾಗುಣಿತ ತಪ್ಪಿಲ್ಲ, ಸಂತೋಷ. ಆದರೆ ಎರಡನೇ ಪ್ಯಾರಾದಲ್ಲೇ ಸಿಟ್ಟು ಬಂತು.

‘ಸೇದಿದರೂ, ನುಂಗಿದರೂ, ನರಕ್ಕೆ ಚುಚ್ಚಿಕೊಂಡರೂ ನಿಕೋಟಿನ್ ನೇರವಾಗಿ ಮಿದುಳನ್ನು ಸೇರುತ್ತದೆ.’ ನೇರವಾಗಿ? ನುಂಗಿದ್ದು ಕರುಳು ಬಿಟ್ಟರೆ ಮೊದಲು ಸಿಗುವುದು ಲಿವರ್. ಅಲ್ಲಿ ಸುಂಕ ಕಟ್ಟದೆ ಮುಂದಕ್ಕೆ ಬಿಡುವುದಿಲ್ಲ. ನಿಕೋಟಿನ್‌ನ ಹೆಚ್ಚಿನ ಪಾಲು ಅಲ್ಲೇ ಮುರಿದುಹೋಗುತ್ತದೆ. ತೋಳಿನ ರಕ್ತನಾಳಕ್ಕೆ ಚುಚ್ಚಿದ್ದು (ನರ ಬೇರೆ, ಸ್ವಾಮಿ) ಹೃದಯದ ಬಲಭಾಗ, ಶ್ವಾಸಕೋಶ, ಮತ್ತೆ ಹೃದಯದ ಎಡಭಾಗ ಸುತ್ತಿಯೇ ಮೇಲೇರಬೇಕು. ಬೀಡಿ ಹೊಗೆ ಶ್ವಾಸಕೋಶದಲ್ಲೇ ರಕ್ತಕ್ಕಿಳಿಯುವುದರಿಂದ ಹೃದಯದ ಬಲಭಾಗ ಸುತ್ತುವ ದಾರಿ ತಪ್ಪಿತು. 10ರಿಂದ 20 ಸೆಕೆಂಡಿಗೆಲ್ಲ ಮಿದುಳು ಮುಟ್ಟುತ್ತದೆ. ಚಟ ಅಂಟುವುದರಲ್ಲಿ ಈ ವೇಗದ ಪಾಲು ದೊಡ್ಡದು. ಬರೆಯಬೇಕಾದದ್ದೇ ಇದು, ನೀವು ‘ನೇರವಾಗಿ’ ಅಂದು ದಾಟಿಬಿಟ್ಟಿರಿ.

ನಾನೂ ಉಪಸಂಪಾದಕನಾಗಿ ಸೇರಿದ ಹೊಸತರಲ್ಲಿ ಇದೇ ಪದಕ್ಕೆ ಬೈಸಿಕೊಂಡವನು. ನಮ್ಮ ಹಿರಿಯರು ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ತಿಕ್ಕುತ್ತಾ, ‘ಈ ಸುಣ್ಣ ಯಾಕೆ ಹೇಳಯ್ಯ?’ ಅಂದರು. ರುಚಿಗೆ ಅಂದೆ. ‘ತಿಳ್ಕೊಂಡು ಬಾ. ಆಮೇಲೆ ನೇರವಾಗಿ ಅಂತ ಬರಿ.’ ಮೂರು ದಿನ ಹಿಡಿಯಿತು. ಸುಣ್ಣದ ಕ್ಷಾರದಲ್ಲಿ ನಿಕೋಟಿನ್ ತನ್ನ ವಿದ್ಯುದಾವೇಶ ಕಳಚಿಕೊಳ್ಳುತ್ತದೆ. ಆಗ ಕೆನ್ನೆಯ ಒಳಪೊರೆಯಲ್ಲೇ ಸಲೀಸಾಗಿ ರಕ್ತಕ್ಕಿಳಿಯುತ್ತದೆ, ಲಿವರಿನ ಕಟ್ಟೆ ತಪ್ಪಿಸಿಕೊಂಡು. ಅವರ ಬಾಯಿಗೆ ಕೊನೆಗೆ ಏನಾಯಿತು ಅನ್ನುವುದು ಇಲ್ಲಿ ಬೇಡ.

ಇನ್ನೊಂದು. ‘ಮಿದುಳಿನ ಸುತ್ತ ಕೋಟೆಗೋಡೆಯಿದೆ’ ಎಂದಿದ್ದೀರಿ. ಅದು ಸುತ್ತ ಕಟ್ಟಿದ ಗೋಡೆಯಲ್ಲ. ಮಿದುಳಿನ ಒಳಗೆಲ್ಲ ಹರಡಿದ, ಕೂದಲಿಗಿಂತ ಸಣ್ಣ ರಕ್ತನಾಳಗಳ ಒಳಮೈ ಜೀವಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡಿವೆಯಲ್ಲ, ರಕ್ತದಲ್ಲಿ ಬಂದದ್ದೆಲ್ಲ ಮಿದುಳಿಗೆ ಇಳಿಯದಂತೆ ಹಿಡಿಯುವ ತಡೆ ಅದೇ. ಕೊಬ್ಬಿನಲ್ಲಿ ಚೆನ್ನಾಗಿ ಕರಗುವ ಹೆರಾಯಿನ್ ಅದನ್ನು ಮಾರ್ಫಿನ್‌ಗಿಂತ ಬೇಗ ದಾಟುತ್ತದೆ. ನರಕೋಶಗಳು ಸಂದೇಶ ಸಾಗಿಸಲು ಬಳಸುವ ಡೋಪಮಿನ್‌ಗೆ ಹೊರಗಿನಿಂದ ಪ್ರವೇಶವೇ ಇಲ್ಲ. ಅದಕ್ಕೇ, ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದ ಪಾರ್ಕಿನ್ಸನ್ ರೋಗಿಗೆ ಲೆವೊಡೋಪ ಕೊಡುತ್ತಾರೆ. ಅದು ಅಮೈನೊ ಆಮ್ಲಗಳ ಬಾಗಿಲಲ್ಲಿ ಹೊಕ್ಕು, ಒಳಗೆ ಡೋಪಮಿನ್ ಆಗುತ್ತದೆ. ನಮ್ಮ ಬೇಲಿಯ ನಸುಗುನ್ನಿ ಬೀಜದಲ್ಲಿರುವುದೂ ಅದೇ ಲೆವೊಡೋಪ. ಇದನ್ನು ಬರೆದಿದ್ದರೆ ಓದುಗ ಮೈ ತುರಿಸಿಕೊಳ್ಳುತ್ತಲೇ ಪುಟ ತಿರುಗಿಸುತ್ತಿದ್ದ.

ಉಳಿದ ಪುಟಗಳ ಬಗ್ಗೆ ಈಗ ಮಾತಿಲ್ಲ. ಈ ಎರಡು ಪ್ಯಾರಾ ಮತ್ತೆ ಬರೆದು ಕಳಿಸಿ. ಕೋಟೆ ಬೇಡ.