ಮಾವನವರು ಚೆಸ್‌ನಲ್ಲಿ ಪದೇ ಪದೇ, ಒಂದು ಆಟಕ್ಕೆ ಮೂರು ಸಲ ನಡೆ ವಾಪಸ್ ಕೇಳುತ್ತಾರೆ. ಕ್ಷಮಿಸಿ ಕೊಟ್ಟುಬಿಡಬೇಕಾ, ನಿಯಮ ಹೇಳಬೇಕಾ?

ನಿಮಗೆ ಮಾವನವರು, ನನಗೆ ಎದುರುಮನೆ ಮೇಷ್ಟ್ರು. ಉಳಿದದ್ದೆಲ್ಲ ನೀವು ಬರೆದ ಹಾಗೇ ಇತ್ತು.

2008ರಲ್ಲಿ ಶಿವಮೊಗ್ಗದಲ್ಲಿ ನನ್ನ ಮೊದಲ ಕೆಲಸ, ಬಾಡಿಗೆ ರೂಮು. ಎದುರುಮನೆಯಲ್ಲಿ ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು. ಸಂಜೆ ಆರೂವರೆಗೆ ಜಗಲಿಯಿಂದ "ಏನಪ್ಪಾ, ಬರ್ತೀಯೋ ಇಲ್ವೋ?" ಅಂತ ಕೂಗು ಬರುತ್ತಿತ್ತು. ಹಳೇ ಮರದ ಬೋರ್ಡು. ಒಂದು ಕಪ್ಪು ಕುದುರೆ ಕಳೆದುಹೋಗಿ ಅದರ ಜಾಗದಲ್ಲಿ ಅಮೃತಾಂಜನದ ಮುಚ್ಚಳ ನಿಲ್ಲುತ್ತಿತ್ತು.

ಮೇಷ್ಟ್ರು ಚೆಸ್ ಕಲಿತದ್ದು ಅವರ ತಾತನಿಂದ, ನಮ್ಮ ಕಡೆಯ ಹಳೇ ಕ್ರಮದಲ್ಲಿ. ಆ ಆಟದಲ್ಲಿ ಸೈನಿಕ ಮೊದಲ ಸಲವೂ ಒಂದೇ ಮನೆ ನಡೆಯೋದು. ಕ್ಯಾಸಲಿಂಗ್, ಅಂದರೆ ಒಂದೇ ನಡೆಯಲ್ಲಿ ರಾಜನನ್ನು ಆನೆಯ ಕಡೆ ಎರಡು ಮನೆ ಸರಿಸಿ ಆನೆಯನ್ನು ಅವನ ಆಚೆ ಬದಿಗೆ ತಂದಿಡೋದು, ಇಲ್ಲ. ಬದಲಿಗೆ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆ ಥರ ಹಾರಬಹುದು, ಅಲ್ಲಿಯವರೆಗೆ ಅವನಿಗೆ ಚೆಕ್ ಬಿದ್ದಿರಬಾರದು ಅಷ್ಟೇ. (1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ ಮೀರ್ ಸುಲ್ತಾನ್ ಖಾನ್ ಕೂಡ ಮೊದಲು ಕಲಿತದ್ದು ದೇಶೀ ಕ್ರಮದ ಆಟವನ್ನೇ.) ಹಾಗಾಗಿ ಕ್ಯಾಸಲಿಂಗ್ ಅನ್ನೋದು ಮೇಷ್ಟ್ರಿಗೆ ನಡುವಯಸ್ಸಿನಲ್ಲಿ ಬಂದ ವಿದ್ಯೆ. ಯಾವಾಗಲೂ ಆನೆಯನ್ನು ಮೊದಲು ಎತ್ತಿಡುತ್ತಿದ್ದರು, ಆಮೇಲೆ ರಾಜನನ್ನು ದಾಟಿಸುತ್ತಿದ್ದರು. ಎರಡು ವರ್ಷ ಅದನ್ನು ನೋಡಿದ್ದೆ. ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ನಡೆ ವಾಪಸ್ ಕೇಳೋದೂ ಇತ್ತು. "ತಡಿ ತಡಿ, ಆ ಒಂಟೆ ಕಾಣ್ಲೇ ಇಲ್ಲ ನಂಗೆ" ಅನ್ನೋರು. ನಾನು ನಗುತ್ತಲೇ ಕೊಡುತ್ತಿದ್ದೆ. ಆದರೆ ಮನಸ್ಸಿನಲ್ಲಿ ಲೆಕ್ಕ ಇಡುತ್ತಿದ್ದೆ. ಇವತ್ತು ಎರಡು, ಈ ವಾರ ಏಳು, ಹೀಗೆ. ನೀವೂ ನಿಮ್ಮ ಪ್ರಶ್ನೆಯಲ್ಲಿ "ಒಂದು ಆಟಕ್ಕೆ ಮೂರು ಸಲ" ಅಂತ ಬರೆದಿದ್ದೀರಿ. ಅದನ್ನು ಓದಿಯೇ ನಾನು ಉತ್ತರಿಸಲು ಕೂತದ್ದು.

2010ರಲ್ಲಿ ಬೇರೆ ಊರಿಗೆ ಹೋಗಿ ಒಂದು ಟೂರ್ನಮೆಂಟ್ ಆಡಿದೆ. ಮೊದಲ ರೌಂಡಿನಲ್ಲೇ ತಪ್ಪು ಕಾಯಿಗೆ ಕೈ ಹಾಕಿದೆ. ಎದುರಿಗೆ ಕೂತಿದ್ದ ಆರನೇ ಕ್ಲಾಸಿನ ಹುಡುಗ ತಲೆ ಎತ್ತದೆ "ಅಂಕಲ್, ಟಚ್ ಮೂವ್" ಅಂದ. ಮುಟ್ಟಿದ ಕಾಯಿಯನ್ನೇ ನಡೆಸಬೇಕು ಅಂತ. ಆಗ ನನಗೆ ಇಪ್ಪತ್ತೆಂಟು. ಅಂಕಲ್ ಅಂದದ್ದಕ್ಕೆ ಬೇಜಾರಾಯಿತೇ ಹೊರತು ಆನೆ ಹೋದದ್ದಕ್ಕೆ ಆಗಲಿಲ್ಲ.

ಆ ವಾರವೇ ಮೇಷ್ಟ್ರ ಜಗಲಿಯಲ್ಲಿ ಕೂತಿದ್ದೆವು. ನಾನು ಒಂದು ಕುದುರೆ ಕಳೆದುಕೊಂಡು ಸೋಲುತ್ತಿದ್ದೆ. ಅವರ ರಾಜ ಇನ್ನೂ ನಡುವೆಯೇ ಇದ್ದ, ಅವನ ಮುಂದೆ ಅಡ್ಡಕ್ಕೆ ಒಂದೇ ಒಂಟೆ. ನನ್ನ ಮಂತ್ರಿ, ಆನೆ ಎರಡೂ ಅದೇ ಸಾಲಿನಲ್ಲಿ ಕಾದಿದ್ದವು. ಕ್ಯಾಸಲಿಂಗ್ ಆಗಿಬಿಟ್ಟರೆ ನನ್ನ ಕಥೆ ಮುಗಿದ ಹಾಗೆ. ಮೇಷ್ಟ್ರು ಎಂದಿನಂತೆ ಆನೆಯನ್ನು ಎತ್ತಿ ಒಂಟೆಯ ಮನೆಯಲ್ಲಿಟ್ಟು ರಾಜನ ಕಡೆ ಕೈ ಚಾಚಿದರು.

"ಮೇಷ್ಟ್ರೇ, ಆನೆ ಮುಟ್ಟಿದ್ರಿ. ಇನ್ನು ಕ್ಯಾಸಲಿಂಗ್ ಇಲ್ಲ" ಅಂದೆ.

ನಿಯಮ ನಾನು ಹೇಳಿದ ಹಾಗೇ ಇದೆ. ವಿಶ್ವ ಚೆಸ್ ಒಕ್ಕೂಟವಾದ ಫಿಡೆ ಪ್ರಕಾರ ಕ್ಯಾಸಲಿಂಗ್ ಅಂದರೆ ರಾಜನ ನಡೆ. ಮೊದಲು ಆನೆಯನ್ನು ಮುಟ್ಟಿದರೆ ಆ ಸಲ ಆ ಕಡೆ ಕ್ಯಾಸಲಿಂಗ್ ಮಾಡುವ ಹಾಗಿಲ್ಲ, ಆನೆಯನ್ನೇ ನಡೆಸಬೇಕು. ಮೇಷ್ಟ್ರು ನನ್ನ ಮುಖ ನೋಡಿದರು. ವಾದ ಮಾಡಲಿಲ್ಲ. ಹತ್ತು ಹನ್ನೆರಡು ನಡೆಯಲ್ಲಿ ಸೋತರು. ಕಾಯಿಗಳನ್ನು ಡಬ್ಬಿಗೆ ತುಂಬಿ, "ಚೆನ್ನಾಗಿ ಆಡಿದ್ರಿ" ಅಂದರು.

ಗಮನಿಸಿ, ಆಡಿದೆ ಅಲ್ಲ, ಆಡಿದ್ರಿ. ಎರಡು ವರ್ಷ "ಏನಪ್ಪಾ, ಬಾರೋ" ಅಂದವರು ಆವತ್ತಿನಿಂದ ನನಗೆ ಬಹುವಚನ ಶುರು ಮಾಡಿದರು. ಆಮೇಲೆ ಜಗಲಿಯಿಂದ ಕೂಗು ಬರಲಿಲ್ಲ. ನಾನೇ ಹೋದರೆ ಒಂದು ಆಟ ಆಡೋರು, ನಡೆ ವಾಪಸ್ ಕೇಳ್ತಿರಲಿಲ್ಲ, ಕಾಫಿ ಕೊಡೋರು. ಮೂರು ತಿಂಗಳಲ್ಲಿ ಅದೂ ನಿಂತಿತು.

ನನ್ನ ತಪ್ಪು ನಿಯಮ ಹೇಳಿದ್ದಲ್ಲ. ಇದನ್ನು ಎಷ್ಟೋ ಜನಕ್ಕೆ ಹೇಳಿ ಸೋತಿದ್ದೇನೆ, "ಪಾಪ ವಯಸ್ಸಾದವರು, ಬಿಟ್ಟುಬಿಡಬೇಕಿತ್ತು" ಅಂತಾರೆ. ವಯಸ್ಸಿಗೂ ಇದಕ್ಕೂ ಸಂಬಂಧ ಇಲ್ಲ. ಎರಡು ವರ್ಷ ಆನೆ ಮೊದಲು ಎತ್ತಿದಾಗ ಸುಮ್ನೆ ಇದ್ದೆನಲ್ಲ, ಆ ಜಗಲಿಯಲ್ಲಿ ಅದೇ ನಿಯಮ ಆಗಿಹೋಗಿತ್ತು. ಅದನ್ನು ನಾನೊಬ್ಬನೇ, ಆಟದ ನಡುವೆ ಬದಲಾಯಿಸಿದೆ. ಅದೂ ಸೋಲುತ್ತಿದ್ದಾಗ. ಗೆಲ್ಲುತ್ತಿದ್ದಾಗ ಹೇಳಿದ್ದರೆ ಮೇಷ್ಟ್ರು "ಓಹೋ, ಹಾಗಾ" ಅಂತ ಕಲಿತುಕೊಳ್ಳುತ್ತಿದ್ದರು, ಮೂವತ್ತು ವರ್ಷ ಪಾಠ ಮಾಡಿದವರು. ಆಟ ಮುಗಿದ ಮೇಲೆ ಹೇಳಿದ್ದರೂ ಆಗುತ್ತಿತ್ತು. ನನಗೆ ಆ ಆಟ ಬೇಕಿತ್ತು. ಲೆಕ್ಕ ಇಟ್ಟಿದ್ದೆನಲ್ಲ, ಅದನ್ನೆಲ್ಲ ಒಂದೇ ಸಲಕ್ಕೆ ಬಡ್ಡಿ ಸಮೇತ ವಸೂಲಿ ಮಾಡಿದೆ. ಮೇಷ್ಟ್ರಿಗೆ ಅದು ಗೊತ್ತಾಯಿತು.

ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಮೆಂಟ್ 2016ರಲ್ಲಿ ಮಾಸ್ಕೋದಲ್ಲಿ ನಡೆದಾಗ, ಗ್ರ್ಯಾಂಡ್‌ಮಾಸ್ಟರ್ ನಕಾಮುರ ರಾಜನನ್ನು ಮುಟ್ಟಿ, ಅದು ತಪ್ಪು ನಡೆ ಅಂತ ಹೊಳೆದು, ಕಾಯಿ ಸರಿಮಾಡ್ತಿದ್ದೆ ಅನ್ನೋ ಹಾಗೆ ಹೇಳಿದರು. ಎದುರಾಳಿ ಅರೋನಿಯನ್ ಒಪ್ಪಲಿಲ್ಲ. ನಕಾಮುರ ರಾಜನನ್ನೇ ನಡೆಸಬೇಕಾಯಿತು, ಸೋತರು. ಅದನ್ನು ಓದಿದಾಗ, ನೋಡು, ಅಂಥವರೂ ಬಿಡಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರಿಬ್ಬರೂ ಕೂರುವ ಮೊದಲೇ ಒಂದೇ ನಿಯಮ ಒಪ್ಪಿ ಕೂತವರು. ಆ ಆರನೇ ಕ್ಲಾಸಿನ ಹುಡುಗ ಮತ್ತು ನಾನು ಕೂಡ.

ಹಾಗಾಗಿ ನಿಮ್ಮ "ಕ್ಷಮಿಸಬೇಕಾ" ಅನ್ನೋ ಮಾತೇ ನನಗೆ ಹಿಡಿಸಲಿಲ್ಲ. ಒಂಟೆ ಕಾಣದೇ ಹೋದದ್ದು ಮಾವನವರು ನಿಮಗೆ ಮಾಡಿದ ಅಪರಾಧ ಅಲ್ಲವಲ್ಲ, ಕ್ಷಮಿಸೋಕೆ ನೀವ್ಯಾರು? ಮುಂದಿನ ಸಲ ಕಾಯಿ ಜೋಡಿಸುವಾಗಲೇ ಕೇಳಿ: "ಮಾವ, ಇವತ್ತು ವಾಪಸ್ ಇದ್ಯಾ? ಇದ್ರೆ ಇಬ್ಬರಿಗೂ." ಇದೆ ಅಂದರೆ ನೀವೂ ನಾಚಿಕೆ ಬಿಟ್ಟು ಕೇಳಿ. ನೀವು ದೊಡ್ಡ ಮನಸ್ಸು ಮಾಡಿ ಒಂದೂ ಕೇಳದೆ ಕೂತರೆ ಲೆಕ್ಕ ತಾನಾಗಿ ಶುರುವಾಗುತ್ತೆ. ಇಲ್ಲ ಅಂದರೆ ಮೊದಲ ನಡೆಯಿಂದಲೇ ಇಲ್ಲ. ಆಟ ಕೈಬಿಟ್ಟು ಹೋಗ್ತಿದೆ ಅನ್ನಿಸಿದಾಗ ಮಾತ್ರ ದಯವಿಟ್ಟು ನಿಯಮ ನೆನಪು ಮಾಡಿಕೊಳ್ಳಬೇಡಿ. ಬೇಕಂತಲೇ ಸೋಲೋದೂ ಬೇಡ, ಅದು ಅವರಿಗೆ ಖಂಡಿತ ಗೊತ್ತಾಗುತ್ತೆ.

ಹೋದ ವರ್ಷ ಶಿವಮೊಗ್ಗಕ್ಕೆ ಹೋದಾಗ ಮೇಷ್ಟ್ರ ಮನೆಗೆ ಹೋಗಿದ್ದೆ. ಮೊಮ್ಮಗಳ ಜೊತೆ ಆಡುತ್ತಿದ್ದರು, ಅಮೃತಾಂಜನದ ಮುಚ್ಚಳ ಇನ್ನೂ ಇತ್ತು. ಹುಡುಗಿ ಕ್ಯಾಸಲಿಂಗ್ ಮಾಡೋಕೆ ಆನೆಗೆ ಕೈ ಹಾಕಿದಳು. ಮೇಷ್ಟ್ರು ನನ್ನ ಕಡೆ ನೋಡದೆ, "ರಾಜನ್ನ ಮೊದ್ಲು ಎತ್ತು ಪುಟ್ಟಿ, ಸಾಹೇಬ್ರು ಬಂದಿದಾರೆ" ಅಂದರು. ಆಮೇಲೆ ನನಗೆ, "ಕೂತ್ಕೊಳ್ಳಿ, ಕಾಫಿ ತಗೊಳ್ತೀರಾ?"