ಪ್ರತಿಕ್ರಿಯೆ: 1914ರಲ್ಲಿ ಕಪ್ ಗೆದ್ದಿದ್ದು ಬೆತ್ಲೆಹೆಮ್ ಸ್ಟೀಲೋ, ಬ್ರೂಕ್ಲಿನೋ?

ಅಮೆರಿಕದ ಫುಟ್‌ಬಾಲ್ (ಸಾಕರ್) ಕಪ್ ಗೆದ್ದವರ ಪಟ್ಟಿ ಮಾಡುವಾಗ 1914ಕ್ಕೆ ಒಂದು ಕಡೆ ಉಕ್ಕಿನ ಕಂಪನಿಯ ತಂಡ ಬೆತ್ಲೆಹೆಮ್ ಸ್ಟೀಲ್, ಇನ್ನೊಂದು ಕಡೆ ಬ್ರೂಕ್ಲಿನ್ ಫೀಲ್ಡ್ ಕ್ಲಬ್ ಅಂತಿದೆ, ಯಾವುದು ಸರಿ ಎಂದು ಕೇಳಿದ್ದೀರಿ. ಎರಡೂ ಸರಿ. ಆಗ ಅಮೆರಿಕದಲ್ಲಿ ಎರಡು ನಾಕೌಟ್ ಕಪ್‌ಗಳಿದ್ದವು.

ಹಳೆಯದು ಅಮೆರಿಕನ್ ಕಪ್. 1885ರಲ್ಲಿ ಅದನ್ನು ಮೊದಲು ಗೆದ್ದದ್ದು ನ್ಯೂಜೆರ್ಸಿಯ ನೂಲಿನ ಕಾರ್ಖಾನೆಯೊಂದರ ತಂಡ. ಹೆಸರು ದೊಡ್ಡದಾದರೂ ಆಡುತ್ತಿದ್ದವರು ಹೆಚ್ಚಾಗಿ ಈಶಾನ್ಯ ರಾಜ್ಯಗಳವರೇ. 1914ರಲ್ಲಿ ಬೆತ್ಲೆಹೆಮ್ ಗೆದ್ದದ್ದು ಇದನ್ನು.

ಇನ್ನೊಂದು ನ್ಯಾಷನಲ್ ಚಾಲೆಂಜ್ ಕಪ್, ಅಂದರೆ ಇವತ್ತಿನ ಯು.ಎಸ್. ಓಪನ್ ಕಪ್. 1913ರಲ್ಲಿ ಹುಟ್ಟಿದ ರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಅದನ್ನು ಶುರು ಮಾಡಿತು. ಟ್ರೋಫಿ ಕೊಟ್ಟವರು ಸ್ಕಾಟ್ಲೆಂಡಿನ ವಿಸ್ಕಿ ಉದ್ಯಮಿ ಸರ್ ಥಾಮಸ್ ಡ್ಯೂವರ್. ಮೊದಲ ಫೈನಲ್ 1914ರ ಮೇ ತಿಂಗಳಲ್ಲಿ ರೋಡ್ ಐಲೆಂಡಿನ ಪಾಟಕೆಟ್‌ನಲ್ಲಿ ನಡೆಯಿತು. ಬ್ರೂಕ್ಲಿನ್ ಫೀಲ್ಡ್ ಕ್ಲಬ್ ತನ್ನದೇ ಊರಿನ ಬ್ರೂಕ್ಲಿನ್ ಸೆಲ್ಟಿಕ್ ತಂಡವನ್ನು 2-1ರಿಂದ ಸೋಲಿಸಿತು.

ಗೊಂದಲ ಇನ್ನೂ ಜಾಸ್ತಿ ಆಗುವುದು ಮುಂದಿನ ವರ್ಷಗಳಲ್ಲಿ. 1916, 1918, 1919ರಲ್ಲಿ ಬೆತ್ಲೆಹೆಮ್ ಎರಡೂ ಕಪ್ ಗೆದ್ದಿತು! ಒಂದು ಉಕ್ಕಿನ ಕಂಪನಿಯ ತಂಡಕ್ಕೆ ಇದು ಸಾಮಾನ್ಯ ಸಾಧನೆ ಅಲ್ಲ ಅಲ್ವಾ? ನನಗಂತೂ ಮ್ಯಾಸಚೂಸೆಟ್ಸ್‌ನ ಫಾಲ್ ರಿವರ್ ರೋವರ್ಸ್ ತಂಡದ ಜೊತೆಗಿನ ಅವರ ಪೈಪೋಟಿಯೇ ಹೆಚ್ಚು ಇಷ್ಟ. ಚಾಲೆಂಜ್ ಕಪ್‌ನ ಮೂರು ಫೈನಲ್‌ಗಳಲ್ಲಿ ಸತತವಾಗಿ ಇವರೇ ಎದುರಾದರು. 1916ರಲ್ಲಿ ಬೆತ್ಲೆಹೆಮ್ 1-0, 1917ರಲ್ಲಿ ರೋವರ್ಸ್ 1-0. 1918ರಲ್ಲಿ ಮೊದಲ ಪಂದ್ಯ ಡ್ರಾ ಆಗಿ, ಮರುಪಂದ್ಯದಲ್ಲಿ ಬೆತ್ಲೆಹೆಮ್ 3-0.

ನಿಮ್ಮ ಪಟ್ಟಿಯಲ್ಲಿ ವರ್ಷದ ಪಕ್ಕ ಕಪ್‌ನ ಹೆಸರನ್ನೂ ಬರೆದುಕೊಳ್ಳಿ. ಅಮೆರಿಕನ್ ಕಪ್ 1924ಕ್ಕೇ ನಿಂತುಹೋಯಿತು, ಆಮೇಲೆ ಈ ತೊಂದರೆ ಇಲ್ಲ.